ಶಾಸನದ ಪಾಠ ಮತ್ತು ಲಿಸ್ಪ್‌ನ ಬಫರ್

ಶಿವಮೊಗ್ಗ ಜಿಲ್ಲೆಯ ಶಾಸನಗಳ ಪಾಠ ಮೊದಲು ಅಚ್ಚಾಗಿ ನೂರಿಪ್ಪತ್ತು ವರ್ಷಗಳು ಕಳೆದಿವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಏಳನೆಯ ಸಂಪುಟ 1902ರಲ್ಲಿ, ಎಂಟನೆಯ ಸಂಪುಟ 1904ರಲ್ಲಿ ಹೊರಬಂದವು. ಏಳನೆಯದರಲ್ಲಿ ಆಗ ಆ ಜಿಲ್ಲೆಗೆ ಸೇರಿದ್ದ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳವು. ಬಳ್ಳಿಗಾವಿ, ತಾಳಗುಂದ, ಬಂದಳಿಕೆ, ಕುಬಟೂರು ಮುಂತಾದ ಊರುಗಳ ಕಲ್ಲುಗಳ ಮೇಲಿನ ಬರಹ ಈ ಎರಡು ಸಂಪುಟಗಳಲ್ಲಿ ಸಾಲು ಸಾಲಾಗಿ ಹರಿಯುತ್ತದೆ. ಸಾಗರದಲ್ಲಿ ಕುಳಿತು ಕೆಲವರು ಸ್ನೇಹಿತರು ಈ ಪಾಠವನ್ನು ಯೂನಿಕೋಡಿಗೆ ತಂದು, ಒಂದೇ ಸಾದಾ ಕಡತವಾಗಿ ಇಟ್ಟುಕೊಂಡು, ಊರಿನ ಹೆಸರು, ದಾನದ ವಿವರ, ಅಧಿಕಾರಿಗಳ ಹೆಸರು ಇವುಗಳ ಸೂಚಿಯನ್ನು ಸಿದ್ಧಪಡಿಸುತ್ತಿದ್ದೇವೆ. ಅದರ ಪ್ರೋಗ್ರಾಮ್ ಬರೆಯುವ ಭಾಗ ನನ್ನದು. ಬಳಸುವ ಭಾಷೆ ಲಿಸ್ಪ್: ಹೆಚ್ಚಾಗಿ ಈಮ್ಯಾಕ್ಸ್ ಎಂಬ ಎಡಿಟರ್‌ನೊಳಗಿನ ಈಮ್ಯಾಕ್ಸ್ ಲಿಸ್ಪ್; ಕೆಲವೊಮ್ಮೆ ಅದೇ ಮನೆತನದ ಕಾಮನ್ ಲಿಸ್ಪ್.

ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವನ್ನು ಇಲ್ಲಿ ವಿವರವಾಗಿ ಬರೆದಿಡಬೇಕೆನಿಸಿದೆ. ಉದ್ದನೆಯ ಪಠ್ಯವೊಂದನ್ನು ಪ್ರೋಗ್ರಾಮಿನ ಕೈಗೆ ಕೊಡುವಾಗ ಅದರೊಳಗೆ ನಿಂತು, ಹಿಂದೆ ಮುಂದೆ ನಡೆದು, ಸುತ್ತ ಏನಿದೆಯೆಂದು ನೋಡುವ ಜಾಗವಾಗಿ ಅದನ್ನು ಒದಗಿಸಬೇಕು. ಕತ್ತರಿಸುವುದು, ಜೋಡಿಸುವುದು, ಇಷ್ಟನೆಯ ಅಕ್ಷರ ಕೊಡು ಎಂದು ಕೇಳುವುದು ಚಿಕ್ಕ ಪಠ್ಯಕ್ಕೆ ಸರಿಹೋಗುತ್ತದೆ. ಪಠ್ಯ ಬೆಳೆದಂತೆ ಆ ರೀತಿ ನಿಧಾನವಾಗುತ್ತದೆ. ಕನ್ನಡದ ಪಠ್ಯದಲ್ಲಂತೂ ತಪ್ಪು ಉತ್ತರವನ್ನೇ ಕೊಡುತ್ತದೆ.

ಲಿಸ್ಪ್ ಹುಟ್ಟಿದಾಗ ಅದರಲ್ಲಿ ಇಂದು ನಾವು ಸ್ಟ್ರಿಂಗ್ ಎನ್ನುವ, ಅಕ್ಷರಗಳ ಸಾಲನ್ನು ಹಿಡಿದಿಡುವ ವಸ್ತುವಿಗೆ ವಿಶೇಷ ಸ್ಥಾನವಿರಲಿಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಈ ಭಾಷೆಯ ಕೆಲಸ ಆರಂಭಿಸಿದರು, 1960ರಲ್ಲಿ ಅದರ ಮೂಲ ಪ್ರಬಂಧ ಪ್ರಕಟವಾಯಿತು. ಅವರಿಗೆ ಬೇಕಾಗಿದ್ದುದು ಸಿಂಬಲ್‌ಗಳ, ಅಂದರೆ ಹೆಸರಿನಂಥ ಗುರುತುಗಳ, ಲೆಕ್ಕಾಚಾರ. ಆದ್ದರಿಂದ ಭಾಷೆಯ ಒಡಲಲ್ಲಿ ಮುಖ್ಯವಾಗಿ ಇದ್ದವು ಸಿಂಬಲ್ ಮತ್ತು ಲಿಸ್ಟ್, ಅಂದರೆ ಕೊಂಡಿಗೆ ಕೊಂಡಿ ಪೋಣಿಸಿದ ಸರಪಳಿ. ಐಬಿಎಂ 704 ಯಂತ್ರದ ಮೆಮೊರಿಯ ಒಂದು ಘಟಕಕ್ಕೆ, ಅಂದರೆ ಒಂದು ‘ವರ್ಡ್’ಗೆ, 36 ಬಿಟ್‌ಗಳು, ಆಗಿನ ಒಂದು ಅಕ್ಷರಕ್ಕೆ 6 ಬಿಟ್‌ಗಳು. ಹೀಗಾಗಿ ಒಂದು ಸಿಂಬಲ್‌ನ ಹೆಸರು ಉದ್ದವಾಗಿದ್ದರೆ ಅದನ್ನು ಆರಾರು ಅಕ್ಷರಗಳ ತುಂಡುಗಳಾಗಿ ಮಾಡಿ, ಆ ತುಂಡುಗಳನ್ನು ಒಂದು ಲಿಸ್ಟ್‌ನಲ್ಲಿ ಪೋಣಿಸಿ ಇಡುತ್ತಿದ್ದರು. ಈ ಚಿಕ್ಕ ಏರ್ಪಾಡನ್ನು ನಾನು ಬಹಳ ಮೆಚ್ಚುತ್ತೇನೆ. ಅಕ್ಷರಗಳು ಒತ್ತಾಗಿ ಕೂತಿರಲಿ, ತುಂಡುಗಳು ಮಾತ್ರ ಲಿಸ್ಟ್‌ನಲ್ಲಿ ಇರಲಿ ಎಂಬ ವಿವೇಕ ಅದರಲ್ಲಿದೆ, ಮತ್ತು ಆ ವಿವೇಕ ಇಂದಿಗೂ ಹಳತಾಗಿಲ್ಲ.

ಯಾಕೆಂದರೆ ಲಿಸ್ಪ್ ಕಲಿತವರಿಗೆ ಮೊದಲು ಹೊಳೆಯುವುದು ಪಠ್ಯವನ್ನೂ ಅಕ್ಷರಗಳ ಲಿಸ್ಟ್ ಆಗಿ ಮಾಡಿಕೊಂಡು, ತಲೆ ಮತ್ತು ಬಾಲ ಎಂದು ಬಿಡಿಸುತ್ತ ಹೋಗುವುದು. ಸಾಲೊಂದಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಇಂದಿನ 64 ಬಿಟ್ ಯಂತ್ರದಲ್ಲಿ ಲಿಸ್ಟ್‌ನ ಒಂದೊಂದು ಕೊಂಡಿಗೆ, ಅಂದರೆ ಒಂದು ಕಾನ್ಸ್‌ಗೆ, 16 ಬೈಟ್ ಬೇಕು. ಯೂನಿಕೋಡ್ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಕೊಡುವ ಗುರುತನ್ನು ಇಲ್ಲಿ ಸಂಕೇತ ಎನ್ನುತ್ತೇನೆ. ಹತ್ತು ಲಕ್ಷ ಕನ್ನಡ ಸಂಕೇತಗಳ ಪಠ್ಯ, ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ರೀತಿಯಲ್ಲಿ, 30 ಲಕ್ಷ ಬೈಟ್ ಹಿಡಿಯುತ್ತದೆ. ಅದನ್ನೇ ಅಕ್ಷರಗಳ ಲಿಸ್ಟ್ ಮಾಡಿದರೆ 1 ಕೋಟಿ 60 ಲಕ್ಷ ಬೈಟ್ ಆಗುತ್ತದೆ. ಜಾಗಕ್ಕಿಂತಲೂ ಕಾಡುವುದು ಚದುರುವಿಕೆ: ಕೊಂಡಿಗಳು ಮೆಮೊರಿಯಲ್ಲಿ ಎಲ್ಲೆಲ್ಲೋ ಇರಬಹುದು, ಹುಡುಕಾಟಕ್ಕೆ ಬೇಕಾದ ಒತ್ತಾದ ಸಾಲು ಸಿಗುವುದಿಲ್ಲ. ಅದಕ್ಕಾಗಿಯೇ ಈಗಿನ ಲಿಸ್ಪ್‌ಗಳಲ್ಲೆಲ್ಲ ಸ್ಟ್ರಿಂಗ್ ಎಂಬುದು ಲಿಸ್ಟ್‌ಗೆ ಸೇರದ, ಪ್ರತ್ಯೇಕವಾದ, ಒತ್ತಾದ ವಸ್ತು. ಎಸ್‌ಬಿಸಿಎಲ್ ಎಂಬ ಕಾಮನ್ ಲಿಸ್ಪ್‌ನಲ್ಲಿ ಸಾಮಾನ್ಯ ಸ್ಟ್ರಿಂಗ್‌ನ ಪ್ರತಿ ಸಂಕೇತಕ್ಕೂ 4 ಬೈಟ್. ಎಷ್ಟನೆಯದನ್ನು ಕೇಳಿದರೂ ಅದು ನೇರವಾಗಿ ಹೋಗಿ ತರುತ್ತದೆ. ಈಮ್ಯಾಕ್ಸ್ ಒಳಗೆ ಯುಟಿಎಫ್-8ನ್ನೇ ವಿಸ್ತರಿಸಿಕೊಂಡ ರೂಪದಲ್ಲಿ ಇಡುವುದರಿಂದ ಜಾಗ ಉಳಿಯುತ್ತದೆ, ಆದರೆ ಕನ್ನಡದ ಸ್ಟ್ರಿಂಗ್‌ನಲ್ಲಿ ಇಷ್ಟನೆಯ ಸಂಕೇತ ಎಲ್ಲಿದೆಯೆಂದು ತಿಳಿಯಲು ಬೈಟ್‌ಗಳನ್ನು ದಾಟಿ ಎಣಿಸಬೇಕಾಗುತ್ತದೆ.

ಸ್ಟ್ರಿಂಗ್ ಮತ್ತು ಲಿಸ್ಟ್ ಬೇರೆ ಬೇರೆ ಎಂದು ಬಾಯಲ್ಲಿ ಒಪ್ಪಿಕೊಂಡರೂ ಕೈಗೆ ಬಂದ ಅಭ್ಯಾಸ ಬಿಡುವುದಿಲ್ಲ. ಲಿಸ್ಟ್‌ನ ಬಾಲವನ್ನು ಕೇಳುವುದಕ್ಕೆ ಖರ್ಚೇ ಇಲ್ಲ. ಬಾಲ ಆಗಲೇ ಇದೆ, ಅದರತ್ತ ಬೆರಳು ತೋರಿಸಿದರಾಯಿತು. ಸ್ಟ್ರಿಂಗ್‌ನ ಬಾಲವನ್ನು ಸಬ್‌ಸ್ಟ್ರಿಂಗ್ ಎಂಬ ಫಂಕ್ಷನ್‌ನಿಂದ ಕೇಳಿದರೆ ಉಳಿದ ಪಠ್ಯವೆಲ್ಲ ಹೊಸದಾಗಿ ನಕಲಾಗುತ್ತದೆ. ಹತ್ತು ಲಕ್ಷ ಸಂಕೇತಗಳ ಪಠ್ಯದಲ್ಲಿ ಮೊದಲನೆಯದನ್ನು ನೋಡಿ, ಉಳಿದದ್ದನ್ನು ಹೀಗೆ ತೆಗೆದುಕೊಂಡು, ಮತ್ತೆ ಅದರ ಮೊದಲನೆಯದನ್ನು ನೋಡಿ ಎಂದು ಸಾಗಿದರೆ ಒಟ್ಟು ನಕಲಾಗುವುದು ಸುಮಾರು 50,000 ಕೋಟಿ ಸಂಕೇತಗಳು. ಇದನ್ನೇ ರಿಕರ್ಷನ್ ಮೂಲಕ, ಅಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವಂತೆ, ಬರೆದರೆ ಈಮ್ಯಾಕ್ಸ್‌ನಲ್ಲಿ ಅಷ್ಟು ದೂರ ಹೋಗುವುದೂ ಇಲ್ಲ, ಕರೆಗಳ ಆಳಕ್ಕೆ ಅದು ಸಾಮಾನ್ಯವಾಗಿ ಇಟ್ಟಿರುವ ಮಿತಿ 1600. ಬಾಲದ ಕರೆಯನ್ನು, ಅಂದರೆ ಫಂಕ್ಷನ್‌ನ ಕೊನೆಯ ಕೆಲಸವಾಗಿ ಬರುವ ಕರೆಯನ್ನು, ಆಳ ಹೆಚ್ಚಿಸದೆ ನಡೆಸಬೇಕೆಂದು ಸ್ಕೀಮ್ ಎಂಬ ಇನ್ನೊಂದು ಲಿಸ್ಪ್‌ನ ನಿಯಮವೇ ಹೇಳುತ್ತದೆ, ಅಲ್ಲಿ ಆಳದ ತೊಂದರೆ ತಪ್ಪುತ್ತದೆ. ನಕಲಿನ ತೊಂದರೆ ಮಾತ್ರ ಅಲ್ಲೂ ಇದ್ದೇ ಇರಬಹುದು.

ಜೋಡಿಸುವುದರಲ್ಲಿಯೂ ಇದೇ ಕಥೆ. ಸೂಚಿಯ ಸಾಲುಗಳನ್ನು ಒಂದೊಂದಾಗಿ ಹಿಂದಿನ ಸ್ಟ್ರಿಂಗ್‌ಗೆ ಕಾನ್‌ಕ್ಯಾಟ್ ಮಾಡುತ್ತ ಹೋಗುವುದು, ಅಡಿಕೆ ಕೊಯ್ಲಿನ ದಿನ ತೋಟದಿಂದ ಒಂದೊಂದು ಗೊನೆ ಬಂದಾಗಲೂ ಅಂಗಳದ ರಾಶಿಯನ್ನೆಲ್ಲ ಇನ್ನೊಂದು ಮೂಲೆಗೆ ಹೊತ್ತು ಹಾಕಿ ಹೊಸ ಗೊನೆಯನ್ನು ಅದರ ಮೇಲಿಟ್ಟಂತೆ. ತಲಾ 100 ಬೈಟ್‌ನ 10,000 ಸಾಲುಗಳನ್ನು ಹೀಗೆ ಸೇರಿಸಿದರೆ ಕೊನೆಗೆ ದೊರೆಯುವ ಪಠ್ಯ 10 ಲಕ್ಷ ಬೈಟ್ ಅಷ್ಟೆ. ಅದಕ್ಕಾಗಿ ನಕಲಾದದ್ದು ಸುಮಾರು 500 ಕೋಟಿ ಬೈಟ್. ಸಾಲುಗಳು ಎರಡು ಪಟ್ಟಾದರೆ ಈ ಶ್ರಮ ನಾಲ್ಕು ಪಟ್ಟಾಗುತ್ತದೆ. ನಡುವೆ ಹುಟ್ಟಿ ಬಿದ್ದ ಸ್ಟ್ರಿಂಗ್‌ಗಳನ್ನೆಲ್ಲ ಗಾರ್ಬೇಜ್ ಕಲೆಕ್ಟರ್ ಗುಡಿಸಬೇಕು ಎಂಬುದು ಬೇರೆ.

ಇಲ್ಲಿ 704ರ ಕಾಲದ ಆ ವಿವೇಕ ಕೆಲಸಕ್ಕೆ ಬರುತ್ತದೆ. ತುಂಡುಗಳನ್ನು ಪುಶ್ ಮಾಡುತ್ತ ಒಂದು ಲಿಸ್ಟ್‌ನಲ್ಲಿ ಕೂಡಿಟ್ಟು, ಕೊನೆಯಲ್ಲಿ ಅದನ್ನು ತಿರುಗಿಸಿ, ಒಂದೇ ಸಲ ಜೋಡಿಸುವುದು ಎಲ್ಲ ಲಿಸ್ಪ್‌ಗಳಲ್ಲೂ ನಡೆಯುವ ದಾರಿ. ಜೋಡಿಸುವುದಕ್ಕೆ ಈಮ್ಯಾಕ್ಸ್‌ನಲ್ಲಿ ಮ್ಯಾಪ್‌ಕಾನ್‌ಕ್ಯಾಟ್ ಇದೆ. ಕಾಮನ್ ಲಿಸ್ಪ್‌ನಲ್ಲಿ ಅಪ್ಲೈ ಬಳಸಿ ಸಾವಿರಾರು ತುಂಡುಗಳನ್ನು ಒಂದೇ ಕರೆಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಂದು ಕರೆಗೆ ಕನಿಷ್ಠ 50 ಆರ್ಗ್ಯುಮೆಂಟ್‌ಗಳನ್ನು ಸ್ವೀಕರಿಸಬೇಕು ಎಂಬಷ್ಟೇ ಭರವಸೆಯನ್ನು ಅದರ ನಿಯಮಾವಳಿ ಕೊಡುತ್ತದೆ, ಉಳಿದದ್ದು ಆಯಾ ಕಂಪೈಲರ್‌ನ ಔದಾರ್ಯ. ಅಲ್ಲಿ ವಿತ್-ಔಟ್‌ಪುಟ್-ಟು-ಸ್ಟ್ರಿಂಗ್ ಎಂಬ ಸುಂದರವಾದ ಏರ್ಪಾಡಿದೆ: ಒಂದು ಸ್ಟ್ರೀಮ್ ತೆರೆದು, ಅದಕ್ಕೆ ಬರೆಯುತ್ತ ಹೋಗಿ, ಮುಗಿದ ಮೇಲೆ ಇಡೀ ಪಠ್ಯವನ್ನು ಒಂದು ಸ್ಟ್ರಿಂಗ್ ಆಗಿ ಪಡೆಯಬಹುದು. ಜಾವಾದ ಮೇಲೆ ನಡೆಯುವ ಲಿಸ್ಪ್ ಆದ ಕ್ಲೋಜರ್ ಬಳಸುವವರು ಜಾವಾದ ಸ್ಟ್ರಿಂಗ್‌ಬಿಲ್ಡರ್ ಅನ್ನು ಹಿಡಿಯಬಹುದು.

ಇಷ್ಟರವರೆಗೆ ಹೇಳಿದ್ದು ವೇಗದ ಮಾತು. ಯಾವ ಭಾಷೆಯ ಪಠ್ಯಕ್ಕೂ ಅನ್ವಯಿಸುತ್ತದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಕನ್ನಡದ ಪಠ್ಯದಲ್ಲಿ ‘ಇಷ್ಟನೆಯ ಅಕ್ಷರ’ ಎಂಬ ಎಣಿಕೆಗೆ ಆಗುವ ಗತಿ.

ನಮ್ಮ ಜಿಲ್ಲೆಯ ಹೆಸರನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗ ಎಂಬುದರಲ್ಲಿ ಓದುವವನಿಗೆ ಕಾಣುವುದು ನಾಲ್ಕು ಅಕ್ಷರ: ಶಿ, ವ, ಮೊ, ಗ್ಗ. ಯೂನಿಕೋಡಿನಲ್ಲಿ ಅದು ಎಂಟು ಸಂಕೇತ: ಶ, ಇಕಾರದ ಗುಡಿಸು, ವ, ಮ, ಒಕಾರದ ಚಿಹ್ನೆ, ಗ, ಹಲಂತದ ಚಿಹ್ನೆ, ಮತ್ತೆ ಗ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆದ್ದರಿಂದ ಒಟ್ಟು 24 ಬೈಟ್. ಉದ್ದವೆಷ್ಟು ಎಂದು ಈಮ್ಯಾಕ್ಸ್‌ನ ಲೆಂಗ್ತ್ ಫಂಕ್ಷನ್ ಅನ್ನು ಕೇಳಿದರೆ 8 ಎನ್ನುತ್ತದೆ, ಸ್ಟ್ರಿಂಗ್-ಬೈಟ್ಸ್ ಅನ್ನು ಕೇಳಿದರೆ 24 ಎನ್ನುತ್ತದೆ. 4 ಎನ್ನುವ ಉತ್ತರ ಎರಡರಿಂದಲೂ ಬರುವುದಿಲ್ಲ. ಈಗ ಈ ಹೆಸರಿನ ಮೊದಲ ಆರು ಸಂಕೇತಗಳನ್ನು ಕತ್ತರಿಸಿಕೊಂಡರೆ ‘ಶಿವಮೊಗ’ ಎಂದಾಗುತ್ತದೆ. ಪರದೆಯ ಮೇಲೆ ಮುರಿದ ಗುರುತಿಲ್ಲ, ಎಚ್ಚರಿಕೆಯ ಸಂದೇಶವಿಲ್ಲ. ಒಂದು ಒತ್ತು ಸದ್ದಿಲ್ಲದೆ ಬಿದ್ದುಹೋಗಿ, ಇಲ್ಲದ ಊರೊಂದರ ಹೆಸರು ಹುಟ್ಟಿಕೊಳ್ಳುತ್ತದೆ. ಶಾಸನದ ಸೂಚಿಯಲ್ಲಿ ಇಂಥದ್ದೊಂದು ಸೇರಿಕೊಂಡರೆ ಮುಂದೆ ಅದನ್ನು ಆಧಾರವಾಗಿ ಹಿಡಿಯುವವರ ಗತಿ ಏನು ಎಂದು ನಾನು ನಿಜವಾಗಿ ಯೋಚಿಸುತ್ತೇನೆ.

ಕಡತವನ್ನು ಬೈಟ್ ಲೆಕ್ಕದಲ್ಲಿ ಕಂತುಗಳಾಗಿ ಓದುವವರೂ ಇದೇ ಎಚ್ಚರವನ್ನು ಇಟ್ಟುಕೊಳ್ಳಬೇಕು. 4096 ಎಂಬ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಒಂದು ಶೇಷ ಉಳಿಯುತ್ತದೆ. ಅಂದರೆ ನಡುವೆ ಜಾಗ ಬಿಡದೆ ಬರೆದ ಕನ್ನಡದ ಸಾಲನ್ನು 4096 ಬೈಟ್‌ಗಳಿಗೆ ಕಡಿದರೆ ಕಡಿತ ಒಂದು ಸಂಕೇತದ ಹೊಟ್ಟೆಯೊಳಗೇ ಬೀಳುತ್ತದೆ. ಈಮ್ಯಾಕ್ಸ್‌ನ ಇನ್ಸರ್ಟ್-ಫೈಲ್-ಕಂಟೆಂಟ್ಸ್‌ಗೆ ಕಡತದ ಒಂದು ಭಾಗವನ್ನು ಮಾತ್ರ ಓದು ಎಂದು ಹೇಳುವಾಗ ಕೊಡುವ ಅಂಕಿಗಳೂ ಬೈಟ್ ಲೆಕ್ಕದವೇ. ನಮ್ಮ ಕಡತದಂಥ ಗಾತ್ರಕ್ಕೆ ಇಡೀ ಕಡತವನ್ನು ಒಮ್ಮೆಗೇ ಓದಿಕೊಳ್ಳುವುದೇ ಲೇಸು.

ಹಾಗಾದರೆ ಅಂಕಿಯನ್ನು ಬಿಟ್ಟು ಪಠ್ಯದೊಳಗೆ ಹೋಗುವುದು ಹೇಗೆ? ಈಮ್ಯಾಕ್ಸ್ ಲಿಸ್ಪ್ ಇದಕ್ಕೆ ಕೊಡುವ ಉತ್ತರ ಬಫರ್. ಅದು ಎಡಿಟರ್‌ನ ಪರದೆಗಾಗಿ ಮಾಡಿದ್ದು ಎಂದು ಹಲವರು ಅಂದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಉದ್ದ ಪಠ್ಯಕ್ಕೆಂದೇ ರೂಪುಗೊಂಡ, ಸ್ಟ್ರಿಂಗ್‌ಗಿಂತ ಮೇಲಾದ ಒಂದು ದತ್ತ ರಚನೆ. ವಿತ್-ಟೆಂಪ್-ಬಫರ್ ಎಂದು ಬರೆದರೆ ಪರದೆಯಲ್ಲಿ ಕಾಣದ ಒಂದು ತಾತ್ಕಾಲಿಕ ಬಫರ್ ಹುಟ್ಟುತ್ತದೆ, ಕೆಲಸ ಮುಗಿದೊಡನೆ ತಾನೇ ಹೋಗುತ್ತದೆ. ಅಂಥ ಬಫರ್‌ನ ಹೆಸರು ಒಂದು ಖಾಲಿ ಜಾಗದಿಂದ ಶುರುವಾಗುವುದರಿಂದ ಅದರಲ್ಲಿ ಅನ್‌ಡೂ ಇತಿಹಾಸವೂ ದಾಖಲಾಗುವುದಿಲ್ಲ, ಅಷ್ಟು ಭಾರ ಕಡಿಮೆ.

ಬಫರ್‌ನೊಳಗೆ ಪಠ್ಯವು ಒಂದೇ ಉದ್ದನೆಯ ಸಾಲಾಗಿ ಇರುತ್ತದೆ. ಆದರೆ ಕೆಲಸ ನಡೆಯುವ ಸ್ಥಳದಲ್ಲಿ ಒಂದು ಖಾಲಿ ಜಾಗವನ್ನು ಬಿಟ್ಟುಕೊಂಡಿರುತ್ತದೆ. ಹೊಸ ಪಠ್ಯ ಸೇರಿಸಿದಾಗ ಅದು ಆ ಖಾಲಿ ಜಾಗಕ್ಕೆ ಇಳಿಯುತ್ತದೆ, ಉಳಿದದ್ದು ಅಲುಗಾಡುವುದಿಲ್ಲ. ಬೇರೆ ಕಡೆ ಹೋಗಿ ತಿದ್ದಬೇಕೆಂದರೆ ನಡುವಿನ ಪಠ್ಯವನ್ನು ಸರಿಸಿ ಖಾಲಿ ಜಾಗವನ್ನು ಅಲ್ಲಿಗೆ ತರುತ್ತದೆ. ಮೊದಲಿಂದ ಕೊನೆಯವರೆಗೆ ಕ್ರಮವಾಗಿ ತಿದ್ದುತ್ತ ಹೋಗುವ ಕೆಲಸದಲ್ಲಿ ಈ ಸರಿಸುವಿಕೆ ಪ್ರತಿ ಬಾರಿ ಸ್ವಲ್ಪ ಸ್ವಲ್ಪವೇ ಇರುವುದರಿಂದ, ಎಲ್ಲ ಸೇರಿದರೂ ಪಠ್ಯದ ಮೇಲೆ ಒಮ್ಮೆ ಹಾದುಹೋದಷ್ಟೇ ಖರ್ಚು. ಅದೇ ಪ್ರೋಗ್ರಾಮ್ ಒಮ್ಮೆ ಮೊದಲಿಗೆ, ಒಮ್ಮೆ ಕೊನೆಗೆ ಎಂದು ಜಿಗಿಯುತ್ತ ತಿದ್ದಿದರೆ ಈ ಅನುಕೂಲವೆಲ್ಲ ಕೈತಪ್ಪುತ್ತದೆ. ಆದ್ದರಿಂದ ತಿದ್ದುಪಡಿಗಳನ್ನು ಪಠ್ಯದ ಕ್ರಮದಲ್ಲೇ ಜೋಡಿಸಿಕೊಂಡು ನಡೆಸಬೇಕು.

ಬಫರ್‌ನಲ್ಲಿ ಪ್ರೋಗ್ರಾಮ್ ನಿಂತಿರುವ ಒಂದು ಜಾಗವಿರುತ್ತದೆ; ಅದನ್ನು ಪಾಯಿಂಟ್ ಎನ್ನುತ್ತಾರೆ. ರಿ-ಸರ್ಚ್-ಫಾರ್ವರ್ಡ್ ಎಂದರೆ ಅಲ್ಲಿಂದ ಮುಂದೆ ಹುಡುಕಿ, ಸಿಕ್ಕಿದ್ದರ ಕೊನೆಯಲ್ಲಿ ನಿಲ್ಲುತ್ತದೆ. ಲುಕಿಂಗ್-ಅಟ್ ಎಂದರೆ ನಿಂತಲ್ಲಿಂದ ಮುಂದಿರುವುದು ಇಂಥ ಮಾದರಿಗೆ ಹೊಂದುತ್ತದೆಯೇ ಎಂದು, ಏನನ್ನೂ ನಕಲು ಮಾಡದೆ, ನೋಡಿ ಹೇಳುತ್ತದೆ. ಉಳಿದ ಬಾಲವನ್ನು ಕತ್ತರಿಸಿಕೊಂಡು ನೋಡುವ ಅಭ್ಯಾಸಕ್ಕೆ ಈ ಒಂದು ಫಂಕ್ಷನ್ ಪೂರ್ತಿ ಪರ್ಯಾಯ, ಮತ್ತು ಲಿಸ್ಪ್ ಕಲಿಸುವವರು ಇದನ್ನು ಇನ್ನೂ ಮೊದಲೇ ಹೇಳಿಕೊಡಬೇಕೆಂದು ನನ್ನ ಆಸೆ. ಸ್ಟ್ರಿಂಗ್‌ನ ಎಣಿಕೆ ಸೊನ್ನೆಯಿಂದ ಶುರುವಾದರೆ ಬಫರ್‌ನದು ಒಂದರಿಂದ ಶುರುವಾಗುತ್ತದೆ. ಎರಡರ ನಡುವೆ ಹೋಗಿ ಬರುವಾಗ ಇದನ್ನು ಮರೆಯಬಾರದು.

ನಮ್ಮ ಕೆಲಸಕ್ಕೆ ಅತ್ಯಂತ ಒದಗಿಬಂದದ್ದು ನ್ಯಾರೋಯಿಂಗ್. ಬಫರ್‌ನ ಒಂದು ಭಾಗವನ್ನು ಗುರುತಿಸಿ, ಇಷ್ಟೇ ಪಠ್ಯ ಇರುವುದು ಎಂಬಂತೆ ಪ್ರೋಗ್ರಾಮಿನ ಕಣ್ಣನ್ನು ಅಲ್ಲಿಗೇ ಸೀಮಿತಗೊಳಿಸುವುದು. ಶಿಕಾರಿಪುರ ತಾಲ್ಲೂಕಿನ ಒಂದು ಶಾಸನದ ಆರಂಭ ಮತ್ತು ಅಂತ್ಯಕ್ಕೆ ನ್ಯಾರೋ ಮಾಡಿದರೆ ಒಳಗಿನ ಯಾವ ಹುಡುಕಾಟವೂ ಮುಂದಿನ ಶಾಸನಕ್ಕೆ ದಾಟುವುದಿಲ್ಲ. ಆ ಭಾಗವನ್ನು ಹೊರತೆಗೆದು ಬೇರೆ ಸ್ಟ್ರಿಂಗ್ ಮಾಡಿದ್ದರೂ ಇದೇ ರಕ್ಷಣೆ ದೊರೆಯುತ್ತಿತ್ತು, ಆದರೆ ಆಗ ಅದು ಮೂಲದಲ್ಲಿ ಎಲ್ಲಿತ್ತು ಎಂಬುದನ್ನು ಬೇರೆಯಾಗಿ ಹೊತ್ತು ತಿರುಗಬೇಕಾಗುತ್ತಿತ್ತು. ಕಾಮನ್ ಲಿಸ್ಪ್‌ನಲ್ಲಿ ಇದಕ್ಕೆ ಹತ್ತಿರವಾದದ್ದು ಡಿಸ್‌ಪ್ಲೇಸ್ಡ್ ಅರೇ. ದೊಡ್ಡ ಸ್ಟ್ರಿಂಗ್‌ನ ಒಂದು ಭಾಗವನ್ನು ನಕಲಿಲ್ಲದೆ ಇನ್ನೊಂದು ಸ್ಟ್ರಿಂಗ್‌ನಂತೆ ತೋರಿಸುತ್ತದೆ. ಇನ್ನು ಮಾರ್ಕರ್ ಎಂಬುದೊಂದಿದೆ. ಅಂಕಿಯಾಗಿ ಬರೆದಿಟ್ಟ ಸ್ಥಳ, ಅದಕ್ಕಿಂತ ಹಿಂದೆ ಒಂದಕ್ಷರ ಸೇರಿದರೂ ತಪ್ಪಾಗುತ್ತದೆ. ಮಾರ್ಕರ್ ಪಠ್ಯದೊಂದಿಗೆ ತಾನೂ ಸರಿಯುತ್ತದೆ. ಪ್ರತಿ ಶಾಸನದ ಆರಂಭಕ್ಕೆ ಒಂದು ಮಾರ್ಕರ್ ಇಟ್ಟಿರುವುದರಿಂದ, ಕಾಗುಣಿತ ತಿದ್ದಿದ ಮೇಲೂ ಎಲ್ಲ ಶಾಸನಗಳೂ ತಮ್ಮ ತಮ್ಮ ಸ್ಥಳದಲ್ಲೇ ಸಿಗುತ್ತವೆ.

ಈ ಕೆಲಸದಲ್ಲಿ ನಮಗೆ ದಾರಿ ತೋರಿಸುವವರು ಹಳಗನ್ನಡವನ್ನು ಚೆನ್ನಾಗಿ ಬಲ್ಲ, ನಿವೃತ್ತರಾದ ಒಬ್ಬ ಕನ್ನಡ ಮೇಷ್ಟ್ರು. ಬಳ್ಳಿಗಾವಿಯ ಉಲ್ಲೇಖಗಳನ್ನೆಲ್ಲ ಹುಡುಕಿ ಪಟ್ಟಿ ಕೊಟ್ಟಾಗ ಅವರು ಅದನ್ನು ಪೂರ್ತಿ ನೋಡಿ, “ಬಳ್ಳಿಗಾವೆ ಅಂತ ಮಾತ್ರ ಹುಡುಕಿದ್ರೆ ಸಾಲ್ದು ಮಾರಾಯ್ರೇ, ಬಳ್ಳಿಗಾಮೆ ಅಂತಲೂ ಬರತ್ತೆ, ಬಳಿಪುರ ಅಂತಲೂ ಬರತ್ತೆ. ಗಾವುಂಡನ್ನೂ ಹಾಗೇ, ಒಂದು ಕಲ್ಲಲ್ಲಿದ್ದ ಹಾಗೆ ಇನ್ನೊಂದು ಕಲ್ಲಲ್ಲಿ ಇರಲ್ಲ” ಎಂದರು.

“ಎಲ್ಲ ರೂಪಗಳನ್ನೂ ನೀವು ಬರೆದುಕೊಟ್ಟರೆ ಒಟ್ಟಿಗೇ ಹುಡುಕಬಹುದು, ಮೇಷ್ಟ್ರೇ” ಎಂದೆ. ಅವರು ಬರೆದುಕೊಟ್ಟ ಕಾಗದ ಈಗಲೂ ನನ್ನ ಮೇಜಿನ ಮೇಲಿದೆ. ಊರಿನ ಮುಖ್ಯಸ್ಥನನ್ನು ಸೂಚಿಸುವ ಪದಕ್ಕೆ ಗಾವುಂಡ, ಗಾವುಣ್ಡ, ಗಾಮುಣ್ಡ ಎಂದು ರೂಪಗಳು ಒಂದರ ಕೆಳಗೊಂದು ಬರುತ್ತವೆ.

ಲಿಸ್ಪ್‌ನ ಲಿಸ್ಟ್ ತನ್ನ ನಿಜವಾದ ಬೆಲೆಯನ್ನು ತೋರಿಸುವುದು ಇಲ್ಲಿ. ಹುಡುಕಾಟದ ಮಾದರಿಯನ್ನು, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನು, ಸ್ಟ್ರಿಂಗ್ ಆಗಿ ಬರೆದರೆ ಈಮ್ಯಾಕ್ಸ್‌ನಲ್ಲಿ ಪ್ರತಿ ಆವರಣಕ್ಕೂ ಎರಡೆರಡು ಬ್ಯಾಕ್‌ಸ್ಲ್ಯಾಶ್ ಬೇಕು, ಒಂದು ಸ್ಟ್ರಿಂಗ್‌ನ ಓದಿಗಾಗಿ, ಇನ್ನೊಂದು ಹುಡುಕಾಟಕ್ಕಾಗಿ. ನಾಲ್ಕು ಪರ್ಯಾಯ ರೂಪಗಳು ಸೇರುವಷ್ಟರಲ್ಲಿ ಅದನ್ನು ಬರೆದವರಿಗೇ ಓದಲಾಗುವುದಿಲ್ಲ. ಆರ್‌ಎಕ್ಸ್ ಎಂಬ ಮ್ಯಾಕ್ರೋ ಅದೇ ಮಾದರಿಯನ್ನು ಲಿಸ್ಟ್ ರೂಪದಲ್ಲಿ ಬರೆಯಲು ಬಿಡುತ್ತದೆ: ಇದು ಅಥವಾ ಅದು, ಅದರ ನಂತರ ಇದು ಬಂದರೂ ಸರಿ ಬಾರದಿದ್ದರೂ ಸರಿ ಎಂದು ಆವರಣಗಳಲ್ಲಿ ಬಿಡಿಸಿ ಬರೆಯಬಹುದು, ಸಾಲು ಮುರಿಯಬಹುದು, ನಡುವೆ ಟಿಪ್ಪಣಿ ಹಾಕಬಹುದು. ಬರೀ ಹೆಸರುಗಳ ಪಟ್ಟಿಯಿದ್ದರೆ ರೆಜೆಕ್ಸ್ಪ್-ಆಪ್ಟ್ ಎಂಬ ಫಂಕ್ಷನ್ ಆ ಪಟ್ಟಿಯಿಂದ ಒಂದು ದಕ್ಷವಾದ ಮಾದರಿಯನ್ನು ತಾನೇ ಕಟ್ಟಿಕೊಡುತ್ತದೆ. ಮೇಷ್ಟ್ರ ಕಾಗದ ಹೆಚ್ಚುಕಡಿಮೆ ಹಾಗೆಯೇ ಪ್ರೋಗ್ರಾಮಿನ ಒಂದು ಲಿಸ್ಟ್ ಆಯಿತು. ಲಿಸ್ಪ್‌ನಲ್ಲಿ ಹೆಸರುಗಳು ಕನ್ನಡದಲ್ಲೂ ಇರಬಹುದಾದ್ದರಿಂದ ಆ ಲಿಸ್ಟ್‌ಗೆ ‘ಊರಿನ-ರೂಪಗಳು’ ಎಂದೇ ಹೆಸರಿಟ್ಟಿದ್ದೇನೆ. ಹೊಸ ರೂಪ ಸಿಕ್ಕಿದಾಗ ಅವರೇ ತೆರೆದು ಸೇರಿಸುತ್ತಾರೆ.

ಹುಡುಕಾಟಕ್ಕೆ ಮುನ್ನ ಆಗಲೇಬೇಕಾದ ಇನ್ನೊಂದು ಕೆಲಸವಿದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪಠ್ಯಗಳು ಯಂತ್ರಕ್ಕೆ ಬೇರೆ ಬೇರೆ ಆಗಿರಬಹುದು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು; ಯೂನಿಕೋಡಿನ ಪ್ರಕಾರ ಎರಡೂ ಸಮಾನ. ಓಕಾರದ ಚಿಹ್ನೆಯನ್ನು ಪೂರ್ತಿ ಬಿಡಿಸಿದರೆ ಮೂರು ಸಂಕೇತಗಳಾಗುತ್ತವೆ. ಹೀಗೆ ಬಿಡಿಸಿ ಬರೆದ ಶಿವಮೊಗ್ಗ ಒಂಬತ್ತು ಸಂಕೇತಗಳದ್ದು, ತೀರ್ಥಹಳ್ಳಿ ಹನ್ನೊಂದರದು. ಹಳೆಯ ಫಾಂಟ್‌ಗಳಿಂದ ಪರಿವರ್ತನೆಯಾಗಿ ಬಂದ ಪಠ್ಯದಲ್ಲಿ ಎರಡೂ ಬಗೆ ಬೆರೆತಿರುತ್ತವೆ. ಲಿಸ್ಪ್‌ನ ಈಕ್ವಲ್ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಊರುಗಳು. ಈಮ್ಯಾಕ್ಸ್‌ನೊಂದಿಗೇ ಬರುವ ಯುಸಿಎಸ್-ನಾರ್ಮಲೈಜ್ ಎಂಬ ಲೈಬ್ರರಿ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಅದರಲ್ಲಿ ಸ್ಟ್ರಿಂಗ್ ಮೇಲೆ ನಡೆಯುವ ಫಂಕ್ಷನ್‌ಗಳೂ ಬಫರ್‌ನ ಭಾಗದ ಮೇಲೆ ನಡೆಯುವ ಫಂಕ್ಷನ್‌ಗಳೂ ಇವೆ. ಉದ್ದ ಪಠ್ಯಕ್ಕೆ ಎರಡನೆಯದೇ ಸರಿ. ಕಡತ ಓದಿದೊಡನೆ, ಬೇರೆ ಯಾವ ಕೆಲಸಕ್ಕೂ ಮೊದಲು, ಇಡೀ ಬಫರ್ ಅನ್ನು ಜೋಡಿಸಿದ ರೂಪಕ್ಕೆ ತರುವುದು ನಮ್ಮಲ್ಲಿ ಮುರಿಯದ ನಿಯಮ.

ಹಳಗನ್ನಡದ ಱ ಮತ್ತು ೞ ಅಕ್ಷರಗಳ ಬಗ್ಗೆ ಒಂದು ಮಾತು. ಎರಡೂ ಯೂನಿಕೋಡಿನಲ್ಲಿವೆ, ಆದರೆ ೞ ಅಕ್ಷರಕ್ಕೆ ಅಲ್ಲಿ ಅಧಿಕೃತವಾಗಿ ಇಟ್ಟಿರುವ ಹೆಸರು ‘ಫ’ (FA) ಎಂದು. ಅದು ತಪ್ಪೆಂದು ಒಪ್ಪಿಕೊಂಡಿದ್ದರೂ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೆಯೇ ಉಳಿದಿದೆ. ಅದರ ಸ್ಥಾನವೂ ಹಕಾರ, ಸ್ವರ ಚಿಹ್ನೆಗಳು, ಹಲಂತ ಎಲ್ಲ ಮುಗಿದ ಮೇಲೆ ಇದೆ. ಸಂಕೇತಗಳ ಸ್ಥಾನವನ್ನೇ ನೋಡಿ ಹೋಲಿಸುವ ಸ್ಟ್ರಿಂಗ್-ಲೆಸ್ಪ್ ಬಳಸಿ ಸೂಚಿಯನ್ನು ವಿಂಗಡಿಸಿದರೆ ೞ ಇರುವ ಪದಗಳು ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಹೋಲಿಕೆಯ ಫಂಕ್ಷನ್ ಅನ್ನು ನಾವೇ ಬರೆಯಬೇಕು.

ಉದ್ದ ಪಠ್ಯವನ್ನು ಪ್ರೋಗ್ರಾಮಿನ ಕೋಡ್ ಒಳಗೇ ಬರೆದಿಡುವುದನ್ನು ನಾನು ಆದಷ್ಟು ತಪ್ಪಿಸುತ್ತೇನೆ. ಉದ್ಧರಣ ಚಿಹ್ನೆಗಳ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕುವ ಕಿರಿಕಿರಿ ಒಂದು ಕಡೆಯಾದರೆ, ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಶ್‌ಗೆ ಒಂದೊಂದು ಲಿಸ್ಪ್ ಒಂದೊಂದು ಅರ್ಥ ಕೊಡುವುದು ಇನ್ನೊಂದು ಕಡೆ: ಈಮ್ಯಾಕ್ಸ್‌ನಲ್ಲಿ ಆ ಸಾಲು ಮುರಿತ ಮಾಯವಾಗುತ್ತದೆ, ಕಾಮನ್ ಲಿಸ್ಪ್‌ನಲ್ಲಿ ಸಾಲು ಮುರಿತ ಹಾಗೆಯೇ ಉಳಿಯುತ್ತದೆ. ಕ್ಲೋಜರ್‌ನಲ್ಲಿ ಇನ್ನೊಂದು ಗೋಡೆ ಇದೆ. ಜಾವಾದ ಕ್ಲಾಸ್ ಕಡತದಲ್ಲಿ ಒಂದು ಸ್ಥಿರ ಸ್ಟ್ರಿಂಗ್ 65,535 ಬೈಟ್ ಮೀರುವಂತಿಲ್ಲ. ಇಂಗ್ಲಿಷಿಗೆ ಅದು 65,000ದಷ್ಟು ಅಕ್ಷರಗಳಾದರೆ, ಕನ್ನಡಕ್ಕೆ 21,845 ಸಂಕೇತಗಳಿಗೇ ಮುಗಿಯುತ್ತದೆ. ಪಠ್ಯ ಬೇರೆ ಕಡತದಲ್ಲಿರಲಿ, ಪ್ರೋಗ್ರಾಮ್ ಅದನ್ನು ಓದಿಕೊಳ್ಳಲಿ.

ಸ್ಟ್ರಿಂಗ್‌ಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಬಫರ್‌ನಿಂದ ಹೊರಗೆ ಬಂದ ಒಂದು ಹೆಸರು, ಸೂಚಿಯ ಒಂದು ಸಾಲು, ಹ್ಯಾಶ್ ಟೇಬಲ್‌ನ ಒಂದು ಕೀಲಿ, ಇವೆಲ್ಲ ಸ್ಟ್ರಿಂಗ್ ಆಗಿಯೇ ಇರಬೇಕು. ಆ ಟೇಬಲ್ ಅನ್ನು ಈಕ್ವಲ್ ಹೋಲಿಕೆಯಿಂದ ಕಟ್ಟಬೇಕು ಎಂಬುದನ್ನು ಮಾತ್ರ ನೆನಪಿಡಬೇಕು, ಒಂದೇ ಪಠ್ಯವಿರುವ ಎರಡು ಸ್ಟ್ರಿಂಗ್‌ಗಳು ಮೆಮೊರಿಯಲ್ಲಿ ಎರಡು ವಸ್ತುಗಳು. ಬಹಳ ದೊಡ್ಡ ಪಠ್ಯವನ್ನು ಬದಲಾಯಿಸದೆ, ಹಲವು ರೂಪಗಳಲ್ಲಿ ಹಂಚಿಕೊಂಡು ಇಟ್ಟುಕೊಳ್ಳಬೇಕಾದವರಿಗೆ ರೋಪ್ ಎಂಬ ರಚನೆ ಇದೆ. ಬೋಯಮ್, ಅಟ್ಕಿನ್‌ಸನ್, ಪ್ಲಾಸ್ ಎಂಬ ಮೂವರು 1995ರಲ್ಲಿ ಅದನ್ನು ವಿವರಿಸಿದರು. ತುಂಡುಗಳು ಎಲೆಗಳಾಗಿ, ಜೋಡಣೆಗಳು ಕವಲುಗಳಾಗಿ ಒಂದು ಮರವೇ ಪಠ್ಯವಾಗುತ್ತದೆ. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ ಎಂಬ ಚಾಲುಕ್ಯ ಬಿರುದಾವಳಿ ಶಾಸನದಿಂದ ಶಾಸನಕ್ಕೆ ಮರುಕಳಿಸುವುದನ್ನು ನೋಡಿದಾಗ, ಅದೊಂದು ಎಲೆಯಾಗಿ ಹಲವು ಮರಗಳಲ್ಲಿ ಹಂಚಿಕೆಯಾಗಬಹುದಲ್ಲ ಎಂದು ನನಗೆ ಅನ್ನಿಸುವುದುಂಟು. ಆದರೆ ಒಂದು ಕಲ್ಲಿನಲ್ಲಿ ಒಂದು ಅಕ್ಷರ ಸವೆದು, ಇನ್ನೊಂದರಲ್ಲಿ ಅನುಸ್ವಾರ ಬೇರೆಯಾಗಿ ಕೆತ್ತಿರುವಾಗ, ಆ ವ್ಯತ್ಯಾಸವೇ ಓದುವವರಿಗೆ ಮುಖ್ಯ. ಆದ್ದರಿಂದ ಪ್ರತಿಯೊಂದೂ ತನ್ನ ಜಾಗದಲ್ಲಿ ಪೂರ್ತಿಯಾಗಿ ಇರಲಿ ಎಂದು ಬಿಟ್ಟಿದ್ದೇವೆ.

ಮೇಷ್ಟ್ರು ಕೇಳಿದ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಎಡಬಲಗಳ ಹತ್ತು ಹತ್ತು ಅಕ್ಷರಗಳೂ ಬೇಕು. ಸಂದರ್ಭವಿಲ್ಲದೆ ಹೆಸರೊಂದನ್ನೇ ನೋಡಿದರೆ ಅದು ಊರೋ ವ್ಯಕ್ತಿಯೋ ತಿಳಿಯುವುದಿಲ್ಲ. ಶಾಸನ ಪಾಠದಲ್ಲಿ ಸಂಧಿಯಿಂದ ಪದಗಳು ಕೂಡಿಕೊಂಡಿರುವುದರಿಂದ ಪದಗಳ ಲೆಕ್ಕ ಹಿಡಿಯಲಾಗುವುದಿಲ್ಲ, ಸಂಕೇತಗಳ ಲೆಕ್ಕ ಹಿಡಿದರೆ ಮೇಲೆ ಹೇಳಿದಂತೆ ಒತ್ತು ಉದುರುತ್ತದೆ. ಉಳಿದದ್ದು ಅಕ್ಷರ ಅಕ್ಷರವಾಗಿ ನಡೆಯುವುದು. ಬಲಕ್ಕೆ ನಡೆಯುವುದು ಸುಲಭ: ಒಂದು ವ್ಯಂಜನ, ಅದರ ಹಿಂದೆಯೇ ಹಲಂತ ಮತ್ತು ವ್ಯಂಜನದ ಜೋಡಿಗಳು ಎಷ್ಟಿದ್ದರೂ ಅಷ್ಟು, ಆಮೇಲೆ ಇದ್ದರೆ ಒಂದು ಸ್ವರ ಚಿಹ್ನೆ, ಇದ್ದರೆ ಅನುಸ್ವಾರ ಅಥವಾ ವಿಸರ್ಗ, ಲುಕಿಂಗ್-ಅಟ್‌ಗೆ ಇದೊಂದು ಮಾದರಿ ಕೊಟ್ಟರೆ ಒಂದು ಅಕ್ಷರ ದಾಟಿದಂತಾಯಿತು.

ಎಡಕ್ಕೆ ನಡೆಯುವಾಗ ಹಾಗಲ್ಲ. ಒಂದು ಸಂಕೇತ ಹಿಂದೆ ಸರಿದು, ಅದು ಸ್ವರ ಚಿಹ್ನೆಯೋ ಅನುಸ್ವಾರವೋ ಆಗಿದ್ದರೆ ಮತ್ತೂ ಹಿಂದೆ ಹೋಗಬೇಕು. ವ್ಯಂಜನಕ್ಕೆ ಬಂದ ಮೇಲೂ ನಿಲ್ಲುವಂತಿಲ್ಲ. ಅದರ ಹಿಂದೆ ಹಲಂತವಿದೆಯೇ ಎಂದು ನೋಡಿ, ಇದ್ದರೆ ಅದನ್ನೂ ಅದರ ಹಿಂದಿನ ವ್ಯಂಜನವನ್ನೂ ಸೇರಿಸಿಕೊಳ್ಳಬೇಕು. ತೀರ್ಥಹಳ್ಳಿಯ ‘ರ್ಥ’ದಲ್ಲಿ ಕಣ್ಣಿಗೆ ಮೊದಲು ಕಾಣುವುದು ಥಕಾರ, ಅರ್ಕಾವತ್ತು ಅದರ ಬಲಕ್ಕಿದೆ, ಮೆಮೊರಿಯಲ್ಲಿ ರ ಮತ್ತು ಹಲಂತ ಮೊದಲು ಬಂದು ಥ ನಂತರ ಬರುತ್ತದೆ. ಹಿಂದಕ್ಕೆ ನಡೆಯುವ ಪ್ರೋಗ್ರಾಮ್ ಕಣ್ಣಿನ ಕ್ರಮವನ್ನು ನಂಬದೆ ಮೆಮೊರಿಯ ಕ್ರಮದಲ್ಲೇ ಹೋಗುವುದರಿಂದ ಇದು ತಾನಾಗಿ ಸರಿಹೋಗುತ್ತದೆ. ಹಲಂತದ ಪಕ್ಕದಲ್ಲಿ, ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತವೊಂದು ಇದ್ದರೆ ಮಾತ್ರ ಅಕ್ಷರ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಕು. ಈ ನಿಯಮವನ್ನೂ ಸೇರಿಸಿದ ಮೇಲೆ ಏಳನೆಯ ಸಂಪುಟದ ಶಿಕಾರಿಪುರ ಭಾಗದ ಪಟ್ಟಿ ಸಂದರ್ಭದ ಸಮೇತ ಮೇಷ್ಟ್ರ ಕೈಗೆ ಹೋಯಿತು; ಈಗ ಸೊರಬದ ಭಾಗದ ಮೇಲೆ ಅದೇ ಫಂಕ್ಷನ್ ನಡೆಯುತ್ತಿದೆ, ಸವೆದ ಅಕ್ಷರಗಳ ಜಾಗದಲ್ಲಿ ಸಂಪಾದಕರು ಹಾಕಿದ ಚುಕ್ಕಿಗಳನ್ನು ಒಂದು ಅಕ್ಷರವೆಂದು ಎಣಿಸಬೇಕೋ ಬಿಡಬೇಕೋ ಎಂಬುದನ್ನು ಅವರೊಂದಿಗೆ ಕೂತು ತೀರ್ಮಾನಿಸುವುದು ಬಾಕಿ ಇದೆ.